ಒಂದೇ ಪಿನ್ನಿಗೆ ಎರಡು ಟವೆಲ್: ರಾಸ್ಪ್‌ಬೆರಿ ಪೈಯಲ್ಲಿ ಪಿನ್ ಮಕ್ಸ್, ಡಿವೈಸ್ ಟ್ರೀ ಓವರ್‌ಲೇ

ಗಂಗಾವತಿ ಹತ್ತಿರ ನಮ್ಮ ಮಾಮನದೊಂದು ರೈಸ್‌ಮಿಲ್ ಇದೆ. ಅಲ್ಲಿಯ ಗೋಡೌನಿನಲ್ಲಿ ನೆಲ್ಲಿನ ಚೀಲ ಒಟ್ಟಿರುತ್ತಾರೆ. ನೆಲ್ಲು ಸ್ವಲ್ಪ ಹಸಿ ಇದ್ದರೂ ಸಾಕು, ಒಳಗೊಳಗೇ ಕಾವು ಏರಿ ಅಕ್ಕಿ ಹಳದಿಯಾಗುತ್ತದೆ. ಆ ಕಾವು ನೋಡಲು ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್ ಬೋರ್ಡ್) ಕೂರಿಸಿ, ಕಾವು ಅಳೆಯುವ ಮೂರು ಡಿಎಸ್18ಬಿ20 ಸೆನ್ಸರ್‌ಗಳನ್ನು ಚೀಲಗಳ ನಡುವೆ ಇಳಿಬಿಟ್ಟಿದ್ದೆ. ತಿಂಗಳುಗಟ್ಟಲೆ ತಂಟೆ ಇಲ್ಲದೆ ನಡೆಯಿತು.

ಆಮೇಲೆ ಮಾಮನಿಗೆ ಕರೆಂಟ್ ಮೀಟರಿನ ರೀಡಿಂಗೂ ಫೋನಿಗೆ ಬಂದರೆ ಚೆನ್ನ ಅನಿಸಿತು. ಮೀಟರ್ ಮಾತಾಡುವುದು ಆರ್‌ಎಸ್-485ರಲ್ಲಿ. ಅದು ವೈರಿನ ಮೇಲೆ ಡೇಟಾ ಕಳಿಸುವ ಒಂದು ಪದ್ಧತಿ. ಅದಕ್ಕೆ ಪೈಯಲ್ಲೊಂದು ಸೀರಿಯಲ್ ಪೋರ್ಟ್ ಬೇಕು, ಅಂದರೆ ಬಿಟ್ಟುಗಳನ್ನು ಒಂದರ ಹಿಂದೊಂದು ಕಳಿಸಿ ಪಡೆಯುವ ಜೋಡಿ ಎಳೆ. ಕಾನ್ಫಿಗ್ ಫೈಲಿಗೆ ಒಂದೇ ಒಂದು ಸಾಲು ಸೇರಿಸಿ ರೀಬೂಟ್ ಮಾಡಿದೆ. ಮೀಟರಿನ ವೈರ್ ಇನ್ನೂ ಮುಟ್ಟಿಯೇ ಇರಲಿಲ್ಲ. ಅಷ್ಟಕ್ಕೇ ಮೂರೂ ಸೆನ್ಸರ್ ಸತ್ತವು.

"ಮೀಟರ್ ಬರೋದು ಇರ್ಲಿ, ಇದ್ದ ಕಾವೂ ಹೋತಲ್ಲೋ" ಅಂದರು ಮಾಮ. ಇಲಿ ವೈರ್ ಕಡಿದಿರಬೇಕು ಅಂತ ಟಾರ್ಚ್ ಹಿಡಿದು ಒಂದು ತಾಸು ಚೀಲಗಳ ಸಂದಿಯಲ್ಲಿ ತೆವಳಿದೆ. ವೈರ್ ಎಲ್ಲ ಸರಿಯಾಗೇ ಇತ್ತು. ಗಂಟು ಬಿದ್ದದ್ದು ನಾನು ಬರೆದ ಆ ಒಂದು ಸಾಲಿನಲ್ಲಿ. ಅದು ಹೇಗೆ, ಅದನ್ನು ಬಿಡಿಸುವುದು ಹೇಗೆ ಅಂತ ಹಂತ ಹಂತವಾಗಿ ಬರೆಯುತ್ತೇನೆ.

ಒಂದು ಮಾತು ಮೊದಲೇ. ಕಮಾಂಡು, ಫೈಲಿನ ಹೆಸರು ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಅಂಕಿ, ಹೈಫನ್, ಅಂಡರ್‌ಸ್ಕೋರ್, ಅಲ್ಪವಿರಾಮ ಇದ್ದಲ್ಲೇ ಇರಲಿ. ಕಾನ್ಫಿಗ್ ಫೈಲಿನಲ್ಲಿ ಸಮಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬೇಡಿ.

ಪಿನ್ ಅಂದರೆ ಬಸ್ಸಿನ ಸೀಟು

ಪೈ ಮೇಲೆ 40 ಕಾಲಿನ ಹೆಡರ್, ಅಂದರೆ ವೈರ್ ಸಿಕ್ಕಿಸುವ ಪಿನ್ನುಗಳ ಸಾಲು ಇದೆ. ಅದರಲ್ಲಿ ಜಿಪಿಐಒ (ಬೇಕಾದ ಕೆಲಸಕ್ಕೆ ಬಳಸಬಹುದಾದ ಪಿನ್) 0ರಿಂದ 27ರವರೆಗೆ ಒಟ್ಟು 28. ಉಳಿದವು 3.3 ವೋಲ್ಟ್, 5 ವೋಲ್ಟ್ ಮತ್ತು ಗ್ರೌಂಡ್. ಚಿಪ್ಪಿನ ಒಳಗೆ ಹೊರಗಿನ ಸಾಧನಗಳ ಜೊತೆ ಮಾತಾಡುವ ಬೇರೆ ಬೇರೆ ದಾರಿಗಳಿವೆ: ಸೀರಿಯಲ್ ಪೋರ್ಟುಗಳಿವೆ, ಐ2ಸಿ ಇದೆ, ಎಸ್‌ಪಿಐ ಇದೆ, ಪಿಡಬ್ಲ್ಯೂಎಂ ಇದೆ. ಎಲ್ಲಕ್ಕೂ ಬೇರೆ ಬೇರೆ ಕಾಲು ಕೊಡುತ್ತಾ ಹೋದರೆ 28 ಎಲ್ಲಿ ಸಾಕಾಗಬೇಕು? ಅದಕ್ಕೇ ಒಂದೊಂದು ಕಾಲಿಗೂ ಒಳಗೊಂದು ಸ್ವಿಚ್ ಇಟ್ಟಿದ್ದಾರೆ. ಇದೇ ಮಕ್ಸ್. ಪೈ 4ರ ಚಿಪ್ಪಿನಲ್ಲಿ ಪ್ರತಿ ಪಿನ್ನಿಗೆ 3 ಬಿಟ್ ಇದೆ, ಅಂದರೆ 8 ಆಯ್ಕೆ: ಇನ್‌ಪುಟ್, ಔಟ್‌ಪುಟ್, ಮತ್ತೆ ಆಲ್ಟ್ 0ರಿಂದ ಆಲ್ಟ್ 5ರವರೆಗೆ ಆರು ಬದಲಿ ಕೆಲಸ.

ಜಿಪಿಐಒ 4ನ್ನೇ ತೆಗೆದುಕೊಳ್ಳಿ. ಆಲ್ಟ್ 0 ಅಂದರೆ ಕ್ಲಾಕ್ ಔಟ್‌ಪುಟ್. ಆಲ್ಟ್ 3 ಅಂದರೆ ನಾಲ್ಕನೇ ಎಸ್‌ಪಿಐಯ ಚಿಪ್ ಸೆಲೆಕ್ಟ್. ಆಲ್ಟ್ 4 ಅಂದರೆ ಮೂರನೇ ಸೀರಿಯಲ್ ಪೋರ್ಟಿನ ಟಿಎಕ್ಸ್, ಅಂದರೆ ಡೇಟಾ ಕಳಿಸುವ ಎಳೆ. ಆಲ್ಟ್ 5 ಅಂದರೆ ಮೂರನೇ ಐ2ಸಿಯ ಡೇಟಾ. ಕಾಲು ಒಂದೇ, ಕೂರುವವನು ಯಾರು ಅನ್ನುವುದು ಸ್ವಿಚ್ ಮೇಲೆ.

ನಮ್ಮ ಕಡೆ ಬಸ್ ಬಂದ ಕೂಡಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಲಿನಕ್ಸ್ ಕರ್ನಲ್ (ಪೈ ನಡೆಸುವ ಓಎಸ್ಸಿನ ತಿರುಳು) ನಡೆಸುವುದೂ ಅದೇ ಪದ್ಧತಿ. ಯಾವ ಡ್ರೈವರ್ (ಬಸ್ಸಿನದಲ್ಲ, ಒಂದು ಸಾಧನವನ್ನು ನಡೆಸುವ ಪ್ರೋಗ್ರಾಂ) ಮೊದಲು ಟವೆಲ್ ಹಾಕುತ್ತದೋ ಸೀಟು ಅದಕ್ಕೆ. ಎರಡನೆಯವನಿಗೆ ಕಂಡಕ್ಟರ್ 'ಆಗಲೇ ಹಿಡಿದಿದ್ದಾರೆ' ಅಂತ ಹೇಳಿ ಇಳಿಸುತ್ತಾನೆ.

ಹಾಗಾದರೆ ಯಾವ ಡ್ರೈವರಿಗೆ ಯಾವ ಸೀಟು ಬೇಕು ಅಂತ ಕರ್ನಲ್‌ಗೆ ಹೇಳುವವರು ಯಾರು? ಅದೇ ಡಿವೈಸ್ ಟ್ರೀ. ಯುಎಸ್‌ಬಿ ಆದರೆ ಸಿಕ್ಕಿಸಿದ ಕೂಡಲೇ ತಾನು ಯಾರು ಅಂತ ತಾನೇ ಹೇಳುತ್ತದೆ. ಐ2ಸಿ, ಸೀರಿಯಲ್, ಒನ್-ವೈರ್ (ನಮ್ಮ ಕಾವಿನ ಸೆನ್ಸರುಗಳು ಮಾತಾಡುವ ಒಂದೇ ಡೇಟಾ ಎಳೆ) ಹಾಗಲ್ಲ, ಬಾಯಿ ಬಿಡುವುದಿಲ್ಲ. ಹಿಂದೆ ಒಂದೊಂದು ಎಆರ್‌ಎಂ ಬೋರ್ಡಿನ ವಿವರವನ್ನೂ ಕರ್ನಲ್ ಕೋಡಿನ ಒಳಗೇ ತುರುಕುತ್ತಿದ್ದರು. 2011ರಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಈ ಗೋಜಲಿನ ಮೇಲೆ ಬಹಿರಂಗವಾಗಿಯೇ ರೇಗಿದರು. ಆಮೇಲೆ ಎಆರ್‌ಎಂ ಕಡೆಯವರು ಡಿವೈಸ್ ಟ್ರೀಗೆ ಬಂದರು. ರಾಸ್ಪ್‌ಬೆರಿ ಪೈ ಕೂಡ 2015ರಲ್ಲಿ, ಕರ್ನಲ್ 3.18ರ ಜೊತೆ ಡಿವೈಸ್ ಟ್ರೀಗೆ ಬಂತು. ಬೋರ್ಡಿನ ಮೂಲ ಪಟ್ಟಿ ಒಂದು ಫೈಲಿನಲ್ಲಿರುತ್ತದೆ. ನಾವು ಹೊಸದಾಗಿ ಏನಾದರೂ ಜೋಡಿಸಿದಾಗ ಆ ಪಟ್ಟಿಯ ಮೇಲೆ ಅಂಟಿಸುವ ಚೀಟಿಯೇ ಓವರ್‌ಲೇ.

ಹಂತ 1: ಕಾಗದದ ಮೇಲೆ ಸೀಟು ಹಂಚಿ

ಕೀಬೋರ್ಡ್ ಆಮೇಲೆ. ನಾನು ಇದನ್ನು ಮಾಡದೇ ಇದ್ದದ್ದಕ್ಕೇ ಚೀಲದ ಸಂದಿಯಲ್ಲಿ ತೆವಳಿದ್ದು.

ಎರಡು ನಂಬರ್ ಇವೆ, ಕಲಸಿಕೊಳ್ಳಬೇಡಿ. ಹೆಡರಿನ ಮೇಲೆ ಎಣಿಸಿದರೆ ಸಿಗುವುದು ಕಾಲಿನ ನಂಬರ್. ಸಾಫ್ಟ್‌ವೇರ್ ಕೇಳುವುದು ಜಿಪಿಐಒ ನಂಬರ್. ಜಿಪಿಐಒ 4 ಇರುವುದು 7ನೇ ಕಾಲಿನಲ್ಲಿ. ಜಿಪಿಐಒ 17 ಇರುವುದು 11ರಲ್ಲಿ. ನಾನು ಎರಡನ್ನೂ ಬರೆಯುತ್ತೇನೆ, ಮೊದಲು ಜಿಪಿಐಒ, ಆಮೇಲೆ ಕಾಲು.

ಮಿಲ್ಲಿಗೆ ಬೇಕಾದದ್ದು ಇಷ್ಟು:

- ಗಡಿಯಾರದ ಚಿಪ್ ಡಿಎಸ್3231. ಪೈ 4ರಲ್ಲಿ ಸ್ವಂತ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್ಟೂ ಇಲ್ಲದಿದ್ದರೆ ಹಳೇ ಸಮಯವನ್ನೇ ಹಿಡಿದು ಕೂರುತ್ತದೆ. ಇದಕ್ಕೆ ಐ2ಸಿ: ಜಿಪಿಐಒ 2 ಮತ್ತು 3, ಕಾಲು 3 ಮತ್ತು 5.
- ಕನ್ಸೋಲ್. ನೆಟ್‌ವರ್ಕ್ ಕೈಕೊಟ್ಟಾಗ ಲ್ಯಾಪ್‌ಟಾಪ್ ಸಿಕ್ಕಿಸಿ ಒಳಹೋಗಲು. ಜಿಪಿಐಒ 14 ಮತ್ತು 15, ಕಾಲು 8 ಮತ್ತು 10.
- ಮೀಟರಿಗೆ ಇನ್ನೊಂದು ಸೀರಿಯಲ್.
- ಮೂರು ಸೆನ್ಸರಿಗೆ ಒಂದೇ ಒನ್-ವೈರ್ ಎಳೆ.
- ಕಾವು ಜಾಸ್ತಿಯಾದರೆ ಕೂಗುವ ಹೂಟರಿಗೆ ಒಂದು ಔಟ್‌ಪುಟ್.

ಹಂಚುವಾಗ ಒಂದು ಕ್ರಮ ಇದೆ. ಹಠಮಾರಿಗಳನ್ನು ಮೊದಲು ಕೂರಿಸಿ. ಸೀರಿಯಲ್, ಐ2ಸಿ, ಎಸ್‌ಪಿಐ ಇವೆಲ್ಲ ಚಿಪ್ಪಿನೊಳಗಿನ ಹಾರ್ಡ್‌ವೇರ್. ಅವುಗಳ ಎಳೆ ಕೆಲವೇ ಕಾಲಿಗೆ ಹೋಗಿರುತ್ತದೆ, ಬೇರೆ ಕಡೆ ಬಾ ಅಂದರೆ ಬರುವುದಿಲ್ಲ. ಒನ್-ವೈರ್, ರಿಲೇ, ಬಟನ್ನು ಇವೆಲ್ಲ ಸಾಫ್ಟ್‌ವೇರ್ ನಡೆಸುವ ಕೆಲಸ. ಯಾವ ಖಾಲಿ ಜಿಪಿಐಒ ಆದರೂ ಸರಿ, ನಿಂತುಕೊಂಡೇ ಬರುತ್ತವೆ.

ಪೈ 4ರಲ್ಲಿ ಹೆಚ್ಚುವರಿ ಸೀರಿಯಲ್ ನಾಲ್ಕಿವೆ. ಎರಡನೆಯದು ಜಿಪಿಐಒ 0, 1ರಲ್ಲಿ. ಮೂರನೆಯದು 4, 5ರಲ್ಲಿ. ನಾಲ್ಕನೆಯದು 8, 9ರಲ್ಲಿ. ಐದನೆಯದು 12, 13ರಲ್ಲಿ. ಜಿಪಿಐಒ 0 ಮತ್ತು 1 ಮುಟ್ಟದಿರುವುದೇ ಒಳ್ಳೆಯದು, ಮೇಲೆ ಕೂರುವ ಹ್ಯಾಟ್ ಬೋರ್ಡುಗಳ ಗುರುತು ಓದಲು ಮೀಸಲಿಟ್ಟಿದ್ದಾರೆ. 8, 9 ತೆಗೆದುಕೊಂಡರೆ ಎಸ್‌ಪಿಐ ಹೋಗುತ್ತದೆ. ನಾನು ಮೂರನೆಯದನ್ನು ಹಿಡಿದೆ. ತಪ್ಪೇನಿಲ್ಲ. ಆದರೆ ಒನ್-ವೈರ್ ಓವರ್‌ಲೇಗೆ ನೀವು ಏನೂ ಹೇಳದಿದ್ದರೆ ಅದು ತಾನಾಗಿ ಕೂರುವ ಸೀಟು ಯಾವುದು ಗೊತ್ತಾ? ಅದೇ ಜಿಪಿಐಒ 4.

ಹಂತ 2: ಈಗ ಯಾರು ಕೂತಿದ್ದಾರೆ ನೋಡಿ

ಟರ್ಮಿನಲ್‌ನಲ್ಲಿ ಹೀಗೆ ಕೊಡಿ:

`ಪಿನ್‌ಸಿಟಿಆರ್‌ಎಲ್ ಗೆಟ್ 4`

ಒನ್-ವೈರ್ ಸರಿಯಾಗಿದ್ದಾಗ ಅದು ಇನ್‌ಪುಟ್ ಅನ್ನುತ್ತಿತ್ತು. ಆ ದಿನ 'ಎ4' ಅಂತ ತೋರಿಸಿ ಪಕ್ಕದಲ್ಲಿ ಟಿಎಕ್ಸ್‌ಡಿ3 ಅಂದಿತು. ಆಲ್ಟ್ 4, ಮೂರನೇ ಸೀರಿಯಲ್ಲಿನ ಟಿಎಕ್ಸ್. ಸೀಟಿನಲ್ಲಿ ಬೇರೆಯವನು ಕೂತಿದ್ದಾನೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

'ಗೆಟ್' ಬದಲು 'ಫಂಕ್ಸ್' ಅಂತ ಕೊಟ್ಟರೆ ಆ ಪಿನ್ನಿನ ಎಲ್ಲ ಆಲ್ಟ್ ಕೆಲಸಗಳ ಪಟ್ಟಿ ಬರುತ್ತದೆ. ಹಳೇ ಇಮೇಜ್ (ಕಾರ್ಡಿಗೆ ಬರೆದ ಓಎಸ್) ಇದ್ದವರಿಗೆ ಇದೇ ಕೆಲಸಕ್ಕೆ 'ರಾಸ್ಪಿ-ಜಿಪಿಐಒ' ಕಮಾಂಡ್ ಇರುತ್ತದೆ.

ಇದೇ ಕಮಾಂಡಿಗೆ 'ಸೆಟ್' ಅಂತಲೂ ಕೊಡಬಹುದು. ಪಿನ್ನಿನ ಸ್ವಿಚ್ ಆ ಕ್ಷಣವೇ ತಿರುಗುತ್ತದೆ. ಹುಷಾರು! ಅದು ಕರ್ನಲ್‌ನ್ನು ಕೇಳುವುದೇ ಇಲ್ಲ, ನೇರ ರಿಜಿಸ್ಟರ್‌ಗೆ ಕೈ ಹಾಕುತ್ತದೆ. ಕಂಡಕ್ಟರ್‌ಗೆ ಹೇಳದೆ ಟವೆಲ್ ಸರಿಸಿ ಕೂತ ಹಾಗೆ. ಪರೀಕ್ಷೆಗೆ ಸರಿ, ಪರಿಹಾರಕ್ಕಲ್ಲ. ರೀಬೂಟ್ ಆದರೆ ಅಳಿಸಿಹೋಗುತ್ತದೆ.

ಹಂತ 3: ಓವರ್‌ಲೇಯ ಪರಿಚಯ ಮಾಡಿಕೊಳ್ಳಿ

`ಡಿಟಿಓವರ್‌ಲೇ -ಎಚ್ ಡಬ್ಲ್ಯೂ1-ಜಿಪಿಐಒ`

ಯಾವ ಪ್ಯಾರಾಮೀಟರ್ ಇದೆ, ಏನೂ ಕೊಡದಿದ್ದರೆ ಎಷ್ಟು ಅಂತ ಇದು ಹೇಳುತ್ತದೆ. ನಾನು ಓದದೇ ಬಿಟ್ಟ ಸಾಲು ಇಲ್ಲೇ ಇತ್ತು: 'ಜಿಪಿಐಒಪಿನ್', ಡಿಫಾಲ್ಟ್ 4. ಹೊಸ ಓವರ್‌ಲೇ ಹಾಕುವ ಮುಂಚೆ ಅದರದ್ದನ್ನಷ್ಟೇ ಅಲ್ಲ, ಈಗಾಗಲೇ ಇರುವ ಓವರ್‌ಲೇಗಳದ್ದನ್ನೂ ಒಮ್ಮೆ ಓದಿ. ಮೂರನೇ ಸೀರಿಯಲ್ಲಿನ ಸಹಾಯ ಪುಟ ನೋಡಿದರೆ ಇನ್ನೊಂದು ಸಂಗತಿ ಸಿಗುತ್ತದೆ. ಸಿಟಿಎಸ್, ಆರ್‌ಟಿಎಸ್ (ಕಳಿಸು, ತಡೆ ಅಂತ ಸನ್ನೆ ಮಾಡುವ ಎಳೆಗಳು) ಬೇಕು ಅಂದರೆ ಅದು ಜಿಪಿಐಒ 6 ಮತ್ತು 7ನ್ನೂ ನುಂಗುತ್ತದೆ. 7 ಎಸ್‌ಪಿಐಯದು. ಆರ್‌ಎಸ್-485 ಮಾಡ್ಯೂಲ್ ತಾನೇ ದಿಕ್ಕು ಬದಲಿಸುವಂಥದ್ದಾದರೆ ಇವು ಬೇಡವೇ ಬೇಡ.

ಹಂತ 4: ಕಾನ್ಫಿಗ್ ಫೈಲ್

2023ರ ಬುಕ್‌ವರ್ಮ್ ಇಮೇಜಿನಿಂದ ಈಚೆಗೆ ಫೈಲ್ ಇರುವುದು /ಬೂಟ್/ಫರ್ಮ್‌ವೇರ್/ಕಾನ್ಫಿಗ್.ಟಿಎಕ್ಸ್‌ಟಿ ಜಾಗದಲ್ಲಿ. ಅದಕ್ಕೂ ಹಿಂದಿನದಾದರೆ ನಡುವಿನ 'ಫರ್ಮ್‌ವೇರ್' ಇರುವುದಿಲ್ಲ. ಹೊಸ ಇಮೇಜಿನಲ್ಲಿ ಹಳೇ ಜಾಗದ ಫೈಲನ್ನು ತಿದ್ದಿ, ಏನೂ ಆಗಲಿಲ್ಲ ಅಂತ ತಲೆ ಕೆರೆದುಕೊಳ್ಳುವವರು ಬಹಳ.

ಮೊದಲು ಒಂದು ಪ್ರತಿ ತೆಗೆದಿಡಿ. ಆಮೇಲೆ ಇವನ್ನು ಬರೆಯಿರಿ:

```
ಎನೇಬಲ್_ಯುಎಆರ್‌ಟಿ=1
ಡಿಟಿಪ್ಯಾರಾಮ್=ಐ2ಸಿ_ಎಆರ್‌ಎಂ=ಆನ್
ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231
ಡಿಟಿಓವರ್‌ಲೇ=ಯುಎಆರ್‌ಟಿ3
ಡಿಟಿಓವರ್‌ಲೇ=ಡಬ್ಲ್ಯೂ1-ಜಿಪಿಐಒ,ಜಿಪಿಐಒಪಿನ್=17
```

ಕೊನೇ ಸಾಲಿನ ಬಾಲವೇ ನನ್ನ ರೋಗಕ್ಕೆ ಮದ್ದು. ಹಠಮಾರಿ ಸೀರಿಯಲ್ 4ರಲ್ಲಿ ಕೂತಿರಲಿ, ಒನ್-ವೈರ್ 17ಕ್ಕೆ ಹೋಗಲಿ. ಬರೆದ ಮೇಲೆ ಪೈ ಆಫ್ ಮಾಡಿ ಸೆನ್ಸರಿನ ಡೇಟಾ ವೈರನ್ನೂ 7ನೇ ಕಾಲಿನಿಂದ 11ನೇ ಕಾಲಿಗೆ ಸರಿಸಿ. ಇದನ್ನು ಮರೆಯಬೇಡಿ. 7ನೇ ಕಾಲು ಈಗ ಟಿಎಕ್ಸ್, ಅಂದರೆ ಔಟ್‌ಪುಟ್. ಅದು 3.3 ವೋಲ್ಟಿಗೆ ಎಳೆಯುತ್ತದೆ, ಸೆನ್ಸರ್ ಗ್ರೌಂಡಿಗೆ ಎಳೆಯುತ್ತದೆ. ಹಗ್ಗಜಗ್ಗಾಟ ಬೇಡ. ಡೇಟಾ ಮತ್ತು 3.3 ವೋಲ್ಟ್ ನಡುವೆ 4.7 ಕಿಲೋಓಂ ರೆಸಿಸ್ಟರ್ ಇರಲೇಬೇಕು, ಅದೂ ಜೊತೆಗೆ ಹೋಗಲಿ.

ಸಾಲುಗಳ ಕ್ರಮ ಸುಮ್ನೆ ಇಟ್ಟಿದ್ದಲ್ಲ. ಡಿಟಿಓವರ್‌ಲೇ ಸಾಲಿನ ಕೆಳಗೆ ಡಿಟಿಪ್ಯಾರಾಮ್ ಬರೆದರೆ, ಅದೇ ಹೆಸರಿನ ಪ್ಯಾರಾಮೀಟರ್ ಆ ಓವರ್‌ಲೇಯಲ್ಲೂ ಇದ್ದ ಪಕ್ಷದಲ್ಲಿ ಅದು ಅಲ್ಲಿಗೆ ಹೋಗುತ್ತದೆ, ಮೂಲ ಬೋರ್ಡಿಗೆ ಮುಟ್ಟುವುದಿಲ್ಲ. ಹಾಗಾಗಿ ಬೋರ್ಡಿನ ಡಿಟಿಪ್ಯಾರಾಮ್ ಎಲ್ಲ ಮೇಲೆ, ಓವರ್‌ಲೇಗಳು ಕೆಳಗೆ. ಇನ್ನೊಂದು: ಫೈಲಿನಲ್ಲಿ ಚೌಕ ಕಂಸದೊಳಗೆ 'ಸಿಎಂ4', 'ಪೈ5' ಅಂತೆಲ್ಲ ಇರುತ್ತದೆ. ಅದರ ಕೆಳಗೆ ಬರೆದದ್ದು ಆ ಬೋರ್ಡಿಗೆ ಮಾತ್ರ. ನಿಮ್ಮ ಸಾಲು 'ಆಲ್' ಅನ್ನುವ ಕಂಸದ ಕೆಳಗಿರಲಿ.

ಹಂತ 5: ರೀಬೂಟ್ ಮಾಡಿ, ಎರಡು ಲಾಗ್ ಓದಿ

ಎರಡು ಯಾಕೆ? ಮೂಲ ಪಟ್ಟಿಗೆ ಚೀಟಿ ಅಂಟಿಸುವವನು ಕರ್ನಲ್ ಅಲ್ಲ, ಅದಕ್ಕೂ ಮೊದಲು ಏಳುವ ಫರ್ಮ್‌ವೇರ್. ಓವರ್‌ಲೇಯ ಹೆಸರಲ್ಲೇ ಅಕ್ಷರ ತಪ್ಪಿದ್ದರೆ ಗೊತ್ತಾಗುವುದು ಅವನಿಗೆ. ಕರ್ನಲ್ ಲಾಗಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗದು. ಕಾನ್ಫಿಗ್ ಫೈಲಿಗೆ 'ಡಿಟಿಡಿಬಗ್=1' ಅಂತ ಸೇರಿಸಿ, ಬೂಟ್ ಆದ ಮೇಲೆ `ಸುಡೊ ವಿಸಿಲಾಗ್ --ಎಂಎಸ್‌ಜಿ` ಕೊಡಿ. ಯಾವ ಓವರ್‌ಲೇ ಹತ್ತಿತು, ಯಾವುದು ಸಿಗಲಿಲ್ಲ ಅನ್ನುವುದು ಅಲ್ಲಿದೆ.

ಸೀಟಿನ ಜಗಳ ಮಾತ್ರ ಕರ್ನಲ್ ಲಾಗಿನಲ್ಲಿ ಬರುತ್ತದೆ. 'ಡಿಮೆಸ್ಗ್' ಕೊಟ್ಟು 'ಪಿನ್‌ಸಿಟಿಆರ್‌ಎಲ್' ಇರುವ ಸಾಲು ಹುಡುಕಿ. ನನಗೆ ಸಿಕ್ಕಿದ ಸಾಲಿನ ತಿರುಳು ಇಷ್ಟೇ: ಜಿಪಿಐಒ 4ನ್ನು ಎಫ್‌ಇ201600.ಸೀರಿಯಲ್ ಆಗಲೇ ಕೇಳಿದೆ, ಒನ್‌ವೈರ್‌ಗೆ ಕೊಡಲಾಗದು. ಕೆಳಗೆ ತಪ್ಪಿನ ಸಂಖ್ಯೆ ಮೈನಸ್ 22. ಎಫ್‌ಇ201600 ಅನ್ನುವುದು ಪೈ 4ರಲ್ಲಿ ಮೂರನೇ ಸೀರಿಯಲ್ಲಿನ ವಿಳಾಸ. ಟವೆಲ್ ಯಾರದು ಅಂತ ಹೆಸರು ಸಮೇತ ಬರೆದಿಟ್ಟಿದ್ದಾನೆ ಕಂಡಕ್ಟರ್! ನಾನು ಮಾತ್ರ ಇಲಿ ಹುಡುಕುತ್ತಿದ್ದೆ.

ಪ್ರತಿ ಬೂಟಿಗೂ ಸೀರಿಯಲ್ಲೇ ಯಾಕೆ ಗೆಲ್ಲುತ್ತಿತ್ತು ಅನ್ನುವುದಕ್ಕೂ ಕಾರಣ ಇದೆ. ಸೀರಿಯಲ್ ಡ್ರೈವರ್ ಕರ್ನಲ್ ಒಳಗೇ ಇರುತ್ತದೆ, ಬೇಗ ಏಳುತ್ತದೆ. ಒನ್-ವೈರ್ ಡ್ರೈವರ್ ಮಾಡ್ಯೂಲ್, ಆಮೇಲೆ ಬರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಅದನ್ನು ಮೊದಲು ಬರೆದರೂ ಇದು ಬದಲಾಗುವುದಿಲ್ಲ.

ಹಂತ 6: ಒಂದೊಂದಾಗಿ ಪರೀಕ್ಷೆ

ಗಡಿಯಾರ: `ಐ2ಸಿಡಿಟೆಕ್ಟ್ -ವೈ 1` ಕೊಡಿ. ಒಂದು ಚೌಕಟ್ಟು ಬರುತ್ತದೆ. ಡಿಎಸ್3231ರ ವಿಳಾಸ 68. ಆ ಜಾಗದಲ್ಲಿ 68 ಅಂತಲೇ ಕಂಡರೆ ಚಿಪ್ ಇದೆ, ಆದರೆ ಡ್ರೈವರ್ ಹಿಡಿದಿಲ್ಲ. ದೊಡ್ಡಕ್ಷರದ ಎರಡು 'ಯು' ಕಂಡರೆ ಡ್ರೈವರ್ ಹಿಡಿದಿದೆ, ಕೆಲಸ ಆಯಿತು. ಮೊದಲ ಸಲ ನೋಡಿದವರು ಇದನ್ನೇ ತಪ್ಪು ಅಂದುಕೊಳ್ಳುತ್ತಾರೆ. ಮಾಡ್ಯೂಲಿಗೆ 3.3 ವೋಲ್ಟ್ ಕೊಡಿ. 5 ಕೊಟ್ಟರೆ ಅದರ ಮೇಲಿನ ಪುಲ್‌ಅಪ್ ರೆಸಿಸ್ಟರುಗಳು ಪೈಯ ಕಾಲನ್ನೂ 5ಕ್ಕೆ ಎಳೆಯುತ್ತವೆ. ಪೈ ಕಾಲುಗಳು ತಡೆಯುವುದು 3.3 ಮಾತ್ರ.

ಸೀರಿಯಲ್: ಮೀಟರ್ ಜೋಡಿಸುವ ಮೊದಲು 7ನೇ ಕಾಲು ಮತ್ತು 29ನೇ ಕಾಲನ್ನು, ಅಂದರೆ ಜಿಪಿಐಒ 4 ಮತ್ತು 5ನ್ನು, ಒಂದು ಜಂಪರ್ ವೈರಿನಿಂದ ಸೇರಿಸಿ. ಮಿನಿಕಾಮ್ (ಸೀರಿಯಲ್ ಪೋರ್ಟಿನ ಜೊತೆ ಮಾತಾಡುವ ಪ್ರೋಗ್ರಾಂ) ತೆರೆದು ಲೋಕಲ್ ಎಕೋ ಆಫ್ ಇದೆಯಾ ನೋಡಿ, ಏನಾದರೂ ಒತ್ತಿ. ಒತ್ತಿದ ಅಕ್ಷರ ವಾಪಸ್ ಬಂದರೆ ಪೈ ಕಡೆಯ ಕೆಲಸ ಪಕ್ಕಾ. ಇದಾದ ಮೇಲೂ ಮೀಟರ್ ಮಾತಾಡದಿದ್ದರೆ ಎ ಮತ್ತು ಬಿ ವೈರ್ ಅದಲು ಬದಲು ಮಾಡಿ, ಬಾಡ್ ರೇಟ್ (ಡೇಟಾ ಕಳಿಸುವ ವೇಗ) ನೋಡಿ. ಓವರ್‌ಲೇ ಮುಟ್ಟಬೇಡಿ. ಪೋರ್ಟಿನ ಹೆಸರು ಇಮೇಜಿನಿಂದ ಇಮೇಜಿಗೆ ಬದಲಾಗುತ್ತದೆ. /ಡೆವ್ ಒಳಗೆ 'ಟಿಟಿವೈ' ಆದ ಮೇಲೆ ದೊಡ್ಡಕ್ಷರದ 'ಎಎಂಎ' ಇರುವ ಹೆಸರುಗಳನ್ನು ನೋಡಿಕೊಳ್ಳಿ. ಆರ್‌ಎಸ್-485 ಮಾಡ್ಯೂಲ್ ಕೊಳ್ಳುವಾಗ ಚಿಪ್ ನೋಡಿ: ಮ್ಯಾಕ್ಸ್485 5 ವೋಲ್ಟಿನದು, ಮ್ಯಾಕ್ಸ್3485 3.3ರದು. ಪೈಗೆ ಎರಡನೆಯದು.

ಸೆನ್ಸರ್: /ಸಿಸ್/ಬಸ್/ಡಬ್ಲ್ಯೂ1/ಡಿವೈಸಸ್ ಒಳಗೆ 28ರಿಂದ ಶುರುವಾಗುವ ಫೋಲ್ಡರ್ ಮೂರು ಕಾಣಬೇಕು. ಅದರೊಳಗಿನ 'ಡಬ್ಲ್ಯೂ1_ಸ್ಲೇವ್' ಫೈಲ್ ಓದಿದರೆ ಮೊದಲ ಸಾಲಿನ ಕೊನೆಗೆ 'ಯೆಸ್', ಎರಡನೆಯದರ ಕೊನೆಗೆ 'ಟಿ=31250' ಥರ ಬರುತ್ತದೆ. ಸಾವಿರದಿಂದ ಭಾಗಿಸಿ, 31.25 ಡಿಗ್ರಿ. 85000 ಬಂದರೆ ಗಾಬರಿಯಾಗಿ ಹೂಟರ್ ಕೂಗಿಸಬೇಡಿ. ಪವರ್ ಬಂದ ಕೂಡಲೇ, ಅಳೆಯುವ ಮೊದಲು ಸೆನ್ಸರಿನಲ್ಲಿ ಇರುವ ಅಂಕಿ ಅದು. ಪದೇ ಪದೇ ಬಂದರೆ ಸೆನ್ಸರಿಗೆ ಪವರ್ ಸರಿಯಾಗಿ ಹೋಗುತ್ತಿಲ್ಲ ಅಂತ ಅರ್ಥ. ಉದ್ದ ವೈರಿನ ಜಾಯಿಂಟ್ ನೋಡಿ.

ಹಂತ 7: ಸ್ವಂತ ಓವರ್‌ಲೇ

ನಿಜ ಹೇಳಬೇಕೆಂದರೆ ಹತ್ತರಲ್ಲಿ ಒಂಬತ್ತು ಸಲ ಇದು ಬೇಡ. /ಬೂಟ್/ಫರ್ಮ್‌ವೇರ್/ಓವರ್‌ಲೇಸ್ ಫೋಲ್ಡರಿನಲ್ಲಿ ಸಿದ್ಧ ಓವರ್‌ಲೇಗಳ ರಾಶಿಯೇ ಇದೆ, ಜೊತೆಗೆ ಓದಲು ರೀಡ್‌ಮಿ. ಎಲ್‌ಇಡಿ, ರಿಲೇ ಥರದ್ದಕ್ಕೂ 'ಜಿಪಿಐಒ-ಎಲ್‌ಇಡಿ' ಅಂತ ಒಂದಿದೆ. ಆದರೂ ಒಮ್ಮೆ ಕೈಯಾರೆ ಬರೆದರೆ ಬೇರೆಯವರದ್ದನ್ನು ಓದುವುದು ಸುಲಭ. ಹಾಗಾಗಿ ಹೂಟರಿಗೆ ನಾನೇ ಬರೆದೆ, ಜಿಪಿಐಒ 27ರಲ್ಲಿ, ಕಾಲು 13.

ಫೈಲಿನ ತಲೆಯಲ್ಲಿ ಎರಡು ಗುರುತು ಇರಬೇಕು: ಡಿಟಿಎಸ್ ಆವೃತ್ತಿ ಒಂದು, ಮತ್ತೆ ಇದು ಪ್ಲಗಿನ್ ಅನ್ನುವ ಸಾಲು. ಆಮೇಲೆ ಬೋರ್ಡಿನ ಕಂಪ್ಯಾಟಿಬಲ್ ಹೆಸರು. ಅದರ ಒಳಗೆ ಎರಡು ಫ್ರಾಗ್ಮೆಂಟ್, ಅಂದರೆ ತುಂಡು. ಮೊದಲನೆಯದು ಟವೆಲ್:

```
ಫ್ರಾಗ್ಮೆಂಟ್@0 {
    ಟಾರ್ಗೆಟ್ = <&ಜಿಪಿಐಒ>;
    __ಓವರ್‌ಲೇ__ {
        ಹೂಟರ್_ಪಿನ್: ಹೂಟರ್_ಪಿನ್ {
            ಬಿಆರ್‌ಸಿಎಂ,ಪಿನ್ಸ್ = <27>;
            ಬಿಆರ್‌ಸಿಎಂ,ಫಂಕ್ಷನ್ = <1>;
        };
    };
};
```

'&' ಚಿಹ್ನೆ ಅಂದರೆ ಮೂಲ ಪಟ್ಟಿಯಲ್ಲಿ ಈ ಹೆಸರಿರುವ ಕಡೆ ಅಂತ ಅರ್ಥ. ಫಂಕ್ಷನ್ ಅಂಕಿಯಲ್ಲಿ 0 ಇನ್‌ಪುಟ್, 1 ಔಟ್‌ಪುಟ್. ಆಲ್ಟ್‌ಗಳ ಅಂಕಿ ಮಾತ್ರ ಸ್ವಲ್ಪ ವಕ್ರ: ಆಲ್ಟ್ 0ಗೆ 4, 1ಕ್ಕೆ 5, 2ಕ್ಕೆ 6, 3ಕ್ಕೆ 7. ಅಲ್ಲಿಂದ ತಿರುಗಿ ಆಲ್ಟ್ 4ಕ್ಕೆ 3, ಆಲ್ಟ್ 5ಕ್ಕೆ 2. ಆಲ್ಟ್ 4 ಬೇಕು ಅಂತ 4 ಬರೆದರೆ ಆಲ್ಟ್ 0 ಬರುತ್ತದೆ. ಇಲ್ಲಿ ಎಡವದವರು ಕಡಿಮೆ.

ಎರಡನೇ ಫ್ರಾಗ್ಮೆಂಟ್ ಆ ಸೀಟಿನಲ್ಲಿ ಕೂರುವವನದು. ಟಾರ್ಗೆಟ್-ಪಾತ್ ಬೇರು, ಅಂದರೆ ಒಂದು ಓರೆಗೆರೆ. ಒಳಗೆ 'ಜಿಪಿಐಒ-ಎಲ್‌ಇಡಿಸ್' ಡ್ರೈವರ್. ಪಿನ್‌ಸಿಟಿಆರ್‌ಎಲ್-0ಯಲ್ಲಿ ಮೇಲಿನ ಹೂಟರ್_ಪಿನ್ ತೋರಿಸಿ, ಪಿನ್‌ಸಿಟಿಆರ್‌ಎಲ್-ನೇಮ್ಸ್‌ನಲ್ಲಿ 'ಡಿಫಾಲ್ಟ್' ಬರೆಯಿರಿ. ಇವೆರಡರಲ್ಲಿ ಒಂದು ಬಿಟ್ಟರೂ ಟವೆಲ್ ಹಾಕಿದವನಿಗೂ ಕೂರುವವನಿಗೂ ಸಂಬಂಧವೇ ಇರುವುದಿಲ್ಲ. ಅದರೊಳಗೆ 'ಹೂಟರ್' ಹೆಸರಿನ ಮಗು: ಜಿಪಿಐಒಸ್ 27, ಡಿಫಾಲ್ಟ್-ಸ್ಟೇಟ್ 'ಆಫ್'. 27ರ ಮುಂದಿನ ಅಂಕಿ 0 ಅಂದರೆ ಹೈ ಆದಾಗ ಆನ್. ಅಂಗಡಿಯ ರಿಲೇ ಬೋರ್ಡುಗಳು ಬಹಳಷ್ಟು ಲೋ ಆದಾಗ ಆನ್ ಆಗುವಂಥವು, ಅವಕ್ಕೆ 1. ತಪ್ಪಿ 0 ಬಿಟ್ಟರೆ ಬೂಟ್ ಆದ ಕೂಡಲೇ ಹೂಟರ್ ಕೂಗುತ್ತದೆ, ಹಮಾಲರೆಲ್ಲ ಹೊರಗೆ ಓಡಿ ಬರುತ್ತಾರೆ.

ಕಂಪೈಲ್ ಮಾಡಲು ಡಿಟಿಸಿ, ಅಂದರೆ ಡಿವೈಸ್ ಟ್ರೀ ಕಂಪೈಲರ್. ಇಲ್ಲಿ ಐ ಮತ್ತು ಮೊದಲ ಒ ದೊಡ್ಡಕ್ಷರ:

`ಡಿಟಿಸಿ -@ -ಐ ಡಿಟಿಎಸ್ -ಒ ಡಿಟಿಬಿ -ಒ ಹೂಟರ್.ಡಿಟಿಬಿಒ ಹೂಟರ್.ಡಿಟಿಎಸ್`

ಬಂದ ಫೈಲನ್ನು ಓವರ್‌ಲೇಸ್ ಫೋಲ್ಡರಿಗೆ ಕಾಪಿ ಮಾಡಿ. ಕಾನ್ಫಿಗ್ ಫೈಲಿಗೆ ಬರೆಯುವ ಮೊದಲು `ಸುಡೊ ಡಿಟಿಓವರ್‌ಲೇ ಹೂಟರ್` ಅಂತ ಓಡುವ ಸಿಸ್ಟಮ್‌ಗೇ ಹಚ್ಚಿ ನೋಡಬಹುದು, ರೀಬೂಟ್ ಬೇಡ. ತೆಗೆಯಲು ನಡುವೆ -ಆರ್. ಹಚ್ಚುವುದು ಸಲೀಸು, ತೆಗೆಯುವುದು ಎಲ್ಲ ಡ್ರೈವರಿಗೂ ಒಗ್ಗುವುದಿಲ್ಲ. ಹ್ಯಾಂಗ್ ಆದರೆ ರೀಬೂಟ್ ಮಾಡಿ, ಕಾನ್ಫಿಗ್‌ನಲ್ಲಿ ಇನ್ನೂ ಬರೆದಿಲ್ಲವಾದ್ದರಿಂದ ಏನೂ ಉಳಿದಿರುವುದಿಲ್ಲ.

ಬೇರೆ ಬೋರ್ಡ್ ಇದ್ದವರಿಗೆ

ಪೈ 5ರಲ್ಲಿ ಹೆಡರ್ ನಡೆಸುವುದು ಆರ್‌ಪಿ1 ಅನ್ನುವ ಬೇರೆ ಚಿಪ್. ಅಲ್ಲಿ ಅದೇ 'ಯುಎಆರ್‌ಟಿ3' ಹೆಸರು ಜಿಪಿಐಒ 8 ಮತ್ತು 9ಕ್ಕೆ ಹೋಗುತ್ತದೆ! ಪೈ 4ರ ಎಸ್‌ಡಿ ಕಾರ್ಡನ್ನು ಹಾಗೇ ಪೈ 5ಕ್ಕೆ ಹಾಕಿದರೆ ಮೀಟರ್ ಮೌನ. 4 ಮತ್ತು 5 ಬೇಕಾದರೆ ಅಲ್ಲಿ ಯುಎಆರ್‌ಟಿ2.

ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ 46 ಕಾಲಿನ ಎರಡು ಹೆಡರ್, ಪಿನ್ನಿಗೆ 0ರಿಂದ 7ರವರೆಗೆ ಎಂಟು ಮೋಡ್. 7 ಅಂದರೆ ಜಿಪಿಐಒ. ಓವರ್‌ಲೇ ಬರೆಯುವುದು ಯುಎನ್ವ್.ಟಿಎಕ್ಸ್‌ಟಿ ಫೈಲಿನಲ್ಲಿ, ಅದರ ಇ ದೊಡ್ಡಕ್ಷರ. ಆರೆಂಜ್ ಪೈ ಮೇಲೆ ಆರ್ಮ್‌ಬಿಯನ್ ಇದ್ದರೆ /ಬೂಟ್ ಒಳಗಿನ ಆರ್ಮ್‌ಬಿಯನ್‌ಎನ್ವ್.ಟಿಎಕ್ಸ್‌ಟಿ, ಇದರಲ್ಲೂ ನಡುವಿನ ಇ ದೊಡ್ಡದು. ಆಲ್‌ವಿನ್ನರ್ ಚಿಪ್ ಆದರೆ ಪಿನ್ನಿನ ಹೆಸರು ಪಿಎ6, ಪಿಸಿ4 ಅಂತಿರುತ್ತದೆ. ನಂಬರ್ ಬೇಕಾದರೆ ಎ ಗೆ 0, ಬಿ ಗೆ 1, ಸಿ ಗೆ 2 ಅಂತ ಎಣಿಸಿ 32ರಿಂದ ಗುಣಿಸಿ, ಅಕ್ಷರದ ಮುಂದಿರುವ ಅಂಕಿ ಕೂಡಿಸಿ. ಪಿಸಿ4 ಅಂದರೆ 68.

ಮಿಲ್ಲಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಈಗ ಹಂತ 1ರ ಕಾಗದ ಅಂಟಿಸಿದ್ದೇನೆ. ಅಂಟಿಸುವಾಗ ಮಾಮ ಪಕ್ಕದಲ್ಲೇ ನಿಂತಿದ್ದರು. ಫೋನಿನಲ್ಲಿ ಮೀಟರಿನ ಯೂನಿಟ್ಟೂ, ಮೂರು ಸೆನ್ಸರಿನ ಡಿಗ್ರಿಯೂ ಒಟ್ಟಿಗೆ ಬಂದದ್ದನ್ನು ಎರಡು ಸಲ ನೋಡಿದರು. "ಎರಡೂ ಬರಾಕತ್ತಾವು. ಇನ್ನ ಇಲಿಗೊಂದು ಓವರ್‌ಲೇ ಹಾಕಿಬಿಡು" ಅಂದು ಕಾಂಟಾ ಕಡೆ ನಡೆದರು.